ನೀಲಾಂಬಿಕೆಯ ವಾರಸುದಾರರು

ಕುಪ್ಪಗಡ್ಡೆ
೯ ನವೆಂಬರ್ ೧೯೫೮

ಮಗಳೇ ಶಕುಂತಲಾ,

ನಿನಗೂ ಅಳಿಯಂದಿರಿಗೂ ಮಕ್ಕಳಿಗೂ ನಿನ್ನವ್ವನ ತುಂಬು ಹರಕೆ. ನಾನಿಲ್ಲಿ ಎದ್ದು ಓಡಾಡಿಕೊಂಡಿದ್ದೇನೆ. ಶಿಕಾರಿಪುರದಿಂದ ನೀನು ಎರಡು ಕಾಗದ ಹಾಕಿದರೂ ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಭತ್ತದ ಕೊಯ್ಲಿಗೆ ಕೂಲಿ ಹೋಗಿ ಬೆರಳು ಬಾತಿದ್ದವು. ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ, ತಿದ್ದಿಸುತ್ತಿದ್ದ ನೀಲಾ ಈಗಿಲ್ಲ.

ನೀಲಾಳ ತವರಿನ ಬೀಗರ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಅವರು ಕೊಟ್ಟಷ್ಟು ತಗೊಂಡು ಸುಮ್ಮನಿರು ಎಂದು ಬರೆದಿದ್ದೀ. ಒತ್ತಲಿಲ್ಲ. ಮೊದಲನೆಯದಾಗಿ, ನನಗೆ ಸಹಿ ಹಾಕಲು ಬರುತ್ತದೆ.

ಆ ಕಾಗದದಲ್ಲಿ ಏನಿತ್ತು ಗೊತ್ತೇ? ರೈಲು ಅಪಘಾತದಲ್ಲಿ ಸತ್ತ ನೀಲಾಂಬಿಕೆಗೆ ಅವಳ ತಂದೆ, ಬಳ್ಳಿಗಾವಿಯ ಮಲ್ಲೇಶಪ್ಪನೊಬ್ಬನೇ ವಾರಸುದಾರ, ಪರಿಹಾರ ಅವನಿಗೇ ಸೇರಬೇಕು, ಅತ್ತೆ ಬಸಕ್ಕನ ತಕರಾರಿಲ್ಲ ಎಂದು. ನಿನ್ನಣ್ಣ ರಾಜಪ್ಪ ಜ್ವರದಲ್ಲಿ ತೀರಿಕೊಂಡ ವರ್ಷ ನೀಲಾ ತವರಿಗೆ ಹೋದಾಗ, "ಇನ್ನೂ ನಿನ್ನ ತಂಗೇರ ಮದುವಿ ಆಗೋದೈತಿ, ಈ ಬೋಳು ಹಣಿ ತಗೊಂಡು ಬರಬ್ಯಾಡ" ಎಂದು ಜಗಲಿಯಿಂದಲೇ ತಿರುಗಿಸಿ ಕಳಿಸಿದ ಮನುಷ್ಯ ಆತ. ಗೇಣಿ ಗದ್ದೆಯೂ ಕೈಬಿಟ್ಟ ಮೇಲೆ ಊರವರ ಕುಬುಸ ಹೊಲಿದು ನನಗೆ ಅನ್ನ ಹಾಕಿದವಳು ನೀಲಾ. ಅವಳಿಗೆ ಆತ ವಾರಸುದಾರನೇ? ನಾನೂ ಒಂದು ಅರ್ಜಿ ಹಾಕಿದೆ.

ಶಿವಮೊಗ್ಗೆಯ ಬಂಗಲೆಯಲ್ಲಿ ಕಮಿಷನರ ವಿಚಾರಣೆ. ಸತ್ತವರ ಕಡೆಯವರು ವರಾಂಡದ ತುಂಬ ಕೂತಿದ್ದರು. ಬೀಗರು ಜರಿಯ ರುಮಾಲು ಸುತ್ತಿ ಬಂದಿದ್ದರು. ಹೆಸರು ಕೂಗಿದಾಗ ಕಣ್ಣೊರೆಸಿಕೊಂಡು, "ಮಗಳು ತಿಂಗಳಾ ರೊಕ್ಕ ಕಳಿಸ್ತಿದ್ಲು ಸ್ವಾಮಿ. ಅತ್ತಿ ಕಾಟ ತಡೀಲಾರದೆ ಮನಿ ಬಿಟ್ಟು ಓಡಿಬಂದಿದ್ಲು, ರೈಲು ಬಿತ್ತು" ಎಂದರು.

ನಾನು ಎದ್ದು ನಿಂತೆ.

"ನೀವ್ಯಾರಮ್ಮ?"

"ಕಾಟ ಕೊಟ್ಟ ಅತ್ತೆ."

ಸಾಹೇಬರು ಕನ್ನಡಕ ತೆಗೆದು ನೋಡಿದರು. ಒಳ್ಳೆಯವರೇ. "ಗಂಡ, ಹೆಂಡತಿ, ತಂದೆ ತಾಯಿ, ಮಕ್ಕಳಿಗೆ ಮಾತ್ರ ಕಾನೂನಿನಲ್ಲಿ ಹಕ್ಕಿದೆ, ಅದೂ ಸತ್ತವರು ಅವರನ್ನು ಸಾಕುತ್ತಿದ್ದರೆ. ಅತ್ತೆಗೆ ಇಲ್ಲ" ಎಂದರು.

"ಹಕ್ಕು ಇಲ್ದಿದ್ರೆ ಇರ್ಲಿ. ಬಾಯಿ ಐತಲ್ಲ, ಕೇಳ್ರಿ" ಎಂದೆ.

ನನ್ನ ಪರ ನಿಂತಿದ್ದ ವಕೀಲರು ಮೊದಲೇ ಎಚ್ಚರಿಸಿದ್ದರು: ನೀಲಾ ಎಲ್ಲಿಗೆ ಹೊರಟಿದ್ದಳೆಂದು ಮಾತ್ರ ಬಾಯಿ ಬಿಡಬೇಡಿ, ಇರುವ ಅಷ್ಟಿಷ್ಟು ಆಸೆಯೂ ಹೋಗುತ್ತದೆ ಎಂದು. ನಾನೂ ಆಗಲಿ ಎಂದುಕೊಂಡೇ ಹೋಗಿದ್ದೆ. ಆದರೆ ಓಡಿಬಂದಿದ್ದಳು ಎಂಬ ಮಾತು ಕಿವಿಗೆ ಬಿದ್ದ ಮೇಲೆ ತಡೆಯಲಾಗಲಿಲ್ಲ.

"ಅವಳು ಓಡಿ ಹೋಗ್ತಿರಲಿಲ್ಲ, ಮದುವೆಗೆ ಹೋಗ್ತಿದ್ಲು. ಹರಿಹರದ ಗಿರಣಿ ಕೆಲಸದ ಆನಂದಪ್ಪನ ಕೂಡ ಉಡಿಕೆ, ಗಂಡ ಸತ್ತೋಳಿಗೆ ಮರುಮದುವೆ, ಗೊತ್ತು ಮಾಡಿದೋಳು ನಾನು. ಮುಂದಾಗಿ ಅವರಕ್ಕನ ಮನೆಗೆ ಹೋಗಿರು, ಹಿಂದಿನಿಂದ ಬುತ್ತಿ ಕಟ್ಕೊಂಡು ಬರ್ತೀನಿ ಅಂತ ಕಳಿಸಿದೋಳೂ ನಾನು."

ರೈಲಿನವರ ವಕೀಲ ನಕ್ಕ. "ಹಾಗಾದರೆ ಮದುವೆಯಾಗಿ ಹೋದವಳು ನಿಮ್ಮನ್ನು ಸಾಕುತ್ತಿರಲಿಲ್ಲ. ನಿಮಗೆ ನಷ್ಟವೇನಾಯಿತು?"

"ಸಾಕ್ಲಿ ಅಂತ ಯಾರಾದ್ರೂ ಮಗಳಿಗೆ ಮದುವೆ ಮಾಡ್ತಾರೇನ್ರೀ?"

ಸಾಹೇಬರು ಬೀಗರ ಕಡೆ ತಿರುಗಿ ಮನಿಯಾರ್ಡರಿನ ರಸೀತಿ ಕೇಳಿದರು. ಇರಲಿಲ್ಲ. ಯಾರ ಕೈಲಿ ಹಣ ಬರುತ್ತಿತ್ತು ಎಂದರೆ ಒಮ್ಮೆ ಬಸ್ಸಿನವನೆಂದರು, ಒಮ್ಮೆ ಬಳೆಗಾರನೆಂದರು. ರುಮಾಲು ಸರಿಮಾಡಿಕೊಳ್ಳುತ್ತ ಕೂತುಬಿಟ್ಟರು.

ಹೋದ ವಾರ ತೀರ್ಪು ಬಂತು. ಮಗಳು ಸಾಕುತ್ತಿದ್ದುದಕ್ಕೆ ಪುರಾವೆಯಿಲ್ಲವೆಂದು ಬೀಗರ ಅರ್ಜಿ ವಜಾ. ಅತ್ತೆ ಎಂದು ನನ್ನದೂ ವಜಾ. ಬಾಯಿ ಬಿಟ್ಟು ಬರುವುದನ್ನೂ ಕಳೆದುಕೊಂಡಳು ಎನ್ನುವವರು ಊರ ತುಂಬ ಇದ್ದಾರೆ. ಅನ್ನಲಿ. ಕಾನೂನಿನಲ್ಲಿ ಅತ್ತೆ ಎಂಬ ಮಾತನ್ನೂ ಸೇರಿಸಿ ಎಂದು ಮಂತ್ರಿಗಳಿಗೆ ಅರ್ಜಿ ಬರೆದು ಹಾಕಿದ್ದೇನೆ. ಉತ್ತರ ಬಾರದಿದ್ದರೆ ಇನ್ನೊಂದು ಬರೆಯುತ್ತೇನೆ.

ಕಚೇರಿಯಲ್ಲಿ ಉಡಿಕೆಯ ಮಾತೆತ್ತಿ ಮಾನ ಕಳೆದೆ ಎಂದು ಅಳಿಯಂದಿರು ಕೂಗಾಡಿದರಂತೆ. ಇಲ್ಲಿಗೇ ಬಂದು ಕೇಳಲು ಹೇಳು. ಉಣ್ಣಲಿಕ್ಕಿಟ್ಟು ಉತ್ತರ ಕೊಡುತ್ತೇನೆ. ನೀನಂತೂ ತಲೆ ತಗ್ಗಿಸಬೇಡ. ನಿನ್ನ ಅತ್ತಿಗೆ ತಪ್ಪು ಮಾಡಲಿಲ್ಲ, ನಿನ್ನವ್ವನೂ ಮಾಡಲಿಲ್ಲ.

ಕೂಸಿನ ಕೆಮ್ಮಿಗೆ ದೊಡ್ಡಪತ್ರೆ ರಸ ಹಾಕು. ನಿಮ್ಮ ಮನೆ ಬೆಳೆಯಲಿ, ಮಕ್ಕಳು ಗಟ್ಟಿಯಾಗಿ ಬದುಕಲಿ.

ನಿನ್ನವ್ವ,
ಬಸಕ್ಕ

ಮರಳಿ ಬರೆದದ್ದು: ಕಾಗದ ಮಡಿಸಿದ ಮೇಲೂ ಮನಸ್ಸು ಕೇಳಲಿಲ್ಲ. ನೀಲಾಳ ತವರಿನ ಟ್ರಂಕಿನ ಮೇಲೆ ಅವಳಪ್ಪನ ಹೆಸರು, ಊರು ಬರೆಸಿತ್ತು. ಅದನ್ನು ನೋಡಿ ಪೊಲೀಸರು ಮೊದಲು ಬೀಗರನ್ನೇ ಕರೆಸಿದ್ದರಂತೆ. ಹೊರಡುವ ಬೆಳಿಗ್ಗೆ ನಾನು ಅವಳ ಕೈತುಂಬ ಹಸಿರು ಬಳೆ ತೊಡಿಸಿದ್ದೆ. ಬಿದ್ದ ಹೊಡೆತಕ್ಕೂ ಒಂದಿಷ್ಟು ಒಡೆಯದೆ ಉಳಿದಿದ್ದವಂತೆ. ಬೀಗರು ಆ ಕೈ ನೋಡಿ, "ಟ್ರಂಕು ನಂದು. ಹೆಂಗಸು ನಮ್ಮಾಕಿ ಅಲ್ಲ, ನನ್ನ ಮಗಳು ಮುಂಡೆ" ಎಂದು ಹೇಳಿ ಹೊರಟುಹೋದರಂತೆ. ಮುಖಕ್ಕೆ ಏನೂ ಆಗಿರಲಿಲ್ಲ, ಗುರುತು ಸಿಗದೇ ಇರಲಿಲ್ಲ ಎಂದು ಆಸ್ಪತ್ರೆಯ ಕಾವಲಿನವನು ನನಗೆ ಹೇಳಿದ. ನೀಲಾ ಬಂದು ಮುಟ್ಟಲಿಲ್ಲವೆಂದು ಆನಂದಪ್ಪ ತಂತಿ ಕೊಟ್ಟು ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಅವಳನ್ನು ದಿಕ್ಕಿಲ್ಲದವರ ಜೊತೆ ಮಣ್ಣು ಮಾಡಿದ್ದರು. ಪೊಲೀಸರು ತೋರಿಸಿದ ಫೋಟೋದಲ್ಲೇ ನಾನವಳನ್ನು ಗುರುತಿಸಿದ್ದು. ಹಣೆಗೆ ವಿಭೂತಿ ಇಡುವವರೂ ಇರಲಿಲ್ಲ.

ಬಂಗಲೆಯಲ್ಲಿ ಇದು ನಾಲಿಗೆಯ ತುದಿಗೆ ಬಂದಿತ್ತು. ಆಡಿದ್ದರೆ ಬೀಗರು ಅಲ್ಲೇ ಕುಸಿಯುತ್ತಿದ್ದರು. ಆದರೆ ಹೆತ್ತ ಅಪ್ಪನೇ ಒಲ್ಲೆನೆಂದು ಬಿಟ್ಟುಹೋದ ಹೆಣ ಎಂದು ಅಷ್ಟು ಜನ ನೀಲಾಳನ್ನು ನೆನೆಯುವುದು ನನಗೆ ಬೇಡವಾಯಿತು. ಅದಕ್ಕೇ ಮದುವೆಯ ಮಾತಷ್ಟೇ ಆಡಿ ಬಂದೆ.