ಕ್ಲೇರ್ ಸಹಿ ಹಾಕಲಿಲ್ಲ, ಐರಿನಕ್ಕ

ಪ್ರೀತಿಯ ಐರಿನಕ್ಕ,

ನಿಮ್ಮನ್ನು ಶವಪೆಟ್ಟಿಗೆಯೊಳಗೆ ಮಂಗಳೂರಿನ ವಿಮಾನಕ್ಕೆ ಹತ್ತಿಸಿದ ದಿನ ನಾನು ಶಾಲೆಯ ಆಫೀಸಿನಲ್ಲಿ ಅಡ್ಮಿಷನ್ ಫಾರಂ ಜೋಡಿಸುತ್ತಿದ್ದೆ. ರಜೆ ಕೇಳಿದೆ, ಕೊಡಲಿಲ್ಲ. ಇನ್ನೊಮ್ಮೆ ಕೇಳುವ ಧೈರ್ಯ ಬರಲಿಲ್ಲ. ಎರಡು ವರ್ಷವಾಯಿತು, ಈಗಲೂ ಅದೇ ಕುರ್ಚಿ. ನನ್ನ ಗಂಡನ ಕೆಲಸ ಹೋಯಿತು, ದಿನವೂ ಈ ಗಲ್ಫ್ ಊರಿನ ನೈಫ್ ಬಜಾರಿನ ಅಂಗಡಿಗಳಲ್ಲಿ ಕೆಲಸ ಕೇಳುತ್ತಾ ತಿರುಗುತ್ತಾರೆ. ಮನೆಯವರೆಲ್ಲರ ವೀಸಾ ಈಗ ನನ್ನ ಕೆಲಸದ ಮೇಲೆ ನಿಂತಿದೆ. ಈ ಕುರ್ಚಿ ಬಿಟ್ಟು ಏಳುವುದಾದರೂ ಹೇಗೆ, ಹೇಳಿ?

ಸ್ಟಾಫ್ ರೂಮಿನಲ್ಲಿ ನೀವು ಊಟದ ಡಬ್ಬಿ ಬಿಚ್ಚುತ್ತಾ ಹೇಳಿದ್ದು ನೆನಪಾಗುತ್ತದೆ. ನೀವು ಬಿ.ಎಡ್. ಮಾಡಿದವರು, ಆದರೂ ಹದಿನಾಲ್ಕು ವರ್ಷ ಬರೀ ಸಹಾಯಕಿ. ಪಾಠದ ತಯಾರಿಯೆಲ್ಲ ನಿಮ್ಮದು, ಹೊಗಳಿಕೆ ಇಂಗ್ಲೆಂಡಿನ ಟೀಚರಿಗೆ. ಅವರು ಪ್ರತಿ ಕ್ರಿಸ್‌ಮಸ್‌ಗೆ ನಿಮಗೆ ಕೇಕ್ ತಂದು ಅಪ್ಪಿಕೊಳ್ಳುತ್ತಿದ್ದರು. "ಒಳ್ಳೆ ಹೆಂಗ್ಸು ಮಾರಾಯ್ತಿ, ಸುಳ್ಳು ಹೇಳ್ಬಾರ್ದು. ಆದ್ರೆ ಮೀಟಿಂಗಲ್ಲಿ ಒಂದ್ಸಲ, ಇದು ಐರಿನ್ ಮಾಡಿದ್ದು ಅಂತ ಹೇಳ್ಲಿಕ್ಕೆ ಅವ್ಳಿಗೆ ಎಂತ ಆಗ್ತಿತ್ತು?" ಅಂದಿರಿ. ನಾನು ನಕ್ಕುಬಿಟ್ಟೆ. ಆಗ ನನಗೆ ಅದು ಅಷ್ಟು ದೊಡ್ಡ ವಿಷಯ ಅನ್ನಿಸಿರಲಿಲ್ಲ.

ಈ ವರ್ಷ ವಿಜ್ಞಾನದ ಟೀಚರ್ ಬೇಕಾಗಿತ್ತು. ಘಾನಾ ದೇಶದ ಅಜುವಾ ಅನ್ನುವವರು ಬಂದು ಪಾಠ ಮಾಡಿ ತೋರಿಸಿದರು. ಬೆಲ್ ಹೊಡೆದರೂ ಮಕ್ಕಳು ಏಳಲಿಲ್ಲ. ಮರುದಿನ ಪ್ರಿನ್ಸಿಪಾಲ್ ನನ್ನನ್ನು ಕರೆದು, "ಹುದ್ದೆ ಭರ್ತಿಯಾಗಿದೆ ಅಂತ ಅವರಿಗೆ ಫೋನ್ ಮಾಡಿ, ಶೋಭಾ. ಪೇರೆಂಟ್ಸಿಗೆ ಬಿಳಿ ಟೀಚರೇ ಬೇಕು, ನಿಮಗೆ ಗೊತ್ತಲ್ಲ" ಅಂದರು. ಗೊತ್ತಿತ್ತು ಅಕ್ಕ. "ಕ್ಲಾಸ್ ಟೀಚರ್ ಬ್ರಿಟಿಷರೇ ಅಲ್ವಾ?" ಅಂತ ವಿಚಾರಿಸುವವರಲ್ಲಿ ನಮ್ಮ ಊರಿನವರೂ ಇದ್ದಾರೆ. "ಹೌದು" ಅಂತ ಹೆಮ್ಮೆಯಿಂದ ಹೇಳುತ್ತಿದ್ದವಳು ನಾನೇ. ಫೋನ್ ಮಾಡಿದೆ. "ನಿನ್ನೆ ಖಾಲಿ ಇತ್ತಲ್ಲ?" ಅಂದರು ಅಜುವಾ. "ಸಾರಿ ಮಿಸ್" ಎಂದು ಇಟ್ಟುಬಿಟ್ಟೆ. ವಾಶ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಅಲ್ಲಿ ನನ್ನನ್ನು ಕಂಡವಳು ಕ್ಲೇರ್. ನೀವು ಹೋದ ಮೇಲೆ ಲಂಡನ್ನಿನಿಂದ ಬಂದ ಟೀಚರ್; ಅಜುವಾ ಅವರನ್ನು ಸಂದರ್ಶನ ಮಾಡಿದವರಲ್ಲಿ ಒಬ್ಬಳು. ನಡೆದದ್ದನ್ನು ಹೇಳಿದೆ. ಅವಳ ಮುಖ ಕೆಂಪಾಯಿತು. "ಈಗಲೇ ಹೋಗಿ ಕೇಳುತ್ತೇನೆ, ಶೋಭಾ ಎಲ್ಲ ಹೇಳಿದಳು ಅಂತ..." ಅನ್ನುತ್ತಾ ಹೊರಟೇಬಿಟ್ಟಳು. ಕೈ ಹಿಡಿದು ನಿಲ್ಲಿಸಿದೆ. "ನಿನಗಾದರೆ ಬೇರೆ ಶಾಲೆ ಸಿಗುತ್ತದೆ, ಕ್ಲೇರ್. ನನಗೆ ಖಲಾಸ್." ಅವಳು ಬಾಗಿಲು ಬಿಟ್ಟು ಹಿಂದೆ ಬಂದಳು. ಆಮೇಲೆ, "ಹಾಗಾದರೆ ನಾನೇನು ಮಾಡಲಿ, ನೀನೇ ಹೇಳು" ಅಂದಳು. ಇಷ್ಟು ವರ್ಷದಲ್ಲಿ ಬಿಳಿಯರು ಯಾರಾದರೂ ನಮ್ಮನ್ನು ಹೀಗೆ ಕೇಳಿದ್ದುಂಟಾ, ಅಕ್ಕ? "ಹೇಳುವುದನ್ನು ನಿನ್ನ ಹೆಸರಲ್ಲೇ ಹೇಳು. ನನ್ನದು ಬೇಡ" ಅಂದೆ.

ಆಯ್ಕೆಯ ಕಾಗದ ಸಹಿಗೆ ಬಂದಾಗ ಅದರಲ್ಲಿ ಇನ್ಯಾರದೋ ಹೆಸರಿತ್ತು. ಕ್ಲೇರ್ ಸಹಿ ಹಾಕಲಿಲ್ಲ. "ಎಲ್ಲರಿಗಿಂತ ಚೆನ್ನಾಗಿ ಕಲಿಸಿದ್ದು ಅಜುವಾ. ಅವರನ್ನು ಬಿಟ್ಟ ಕಾರಣ ಬರೆಯುವವರೆಗೆ ನಾನು ಒಪ್ಪುವುದಿಲ್ಲ" ಎಂದು ಬರೆದು ಮ್ಯಾನೇಜ್‌ಮೆಂಟಿಗೆ ಕಳಿಸಿದಳು. ಮೂರು ವಾರ ನಾನು ಸರಿಯಾಗಿ ಉಣ್ಣಲಿಲ್ಲ. ಆ ಕಾರಣವನ್ನು ಬರೆದುಕೊಡಲು ಯಾರೂ ಮುಂದೆ ಬರಲಿಲ್ಲ; ಕೊನೆಗೆ ಅಜುವಾಗೆ ಕೆಲಸ ಸಿಕ್ಕಿತು. ಕ್ಲೇರ್‌ಳ ಕಾಂಟ್ರಾಕ್ಟ್ ಮಾತ್ರ ಮುಂದುವರಿಯಲಿಲ್ಲ. ಹೊರಡುವ ದಿನ ನಾನು ಥ್ಯಾಂಕ್ಸ್ ಹೇಳಲು ಹೋದರೆ, "ಬಂದ ವರ್ಷವೇ ಇದನ್ನೆಲ್ಲ ಕಣ್ಣು ಬಿಟ್ಟು ನೋಡಬೇಕಿತ್ತು ನಾನು" ಅಂದಳು, ಅಷ್ಟೆ.

ಅವಳು ಹೋದಳು, ನಾನು ಇಲ್ಲೇ ಉಳಿದೆ. ಮೊನ್ನೆ ಸೋಮವಾರ ಪ್ರಿನ್ಸಿಪಾಲ್ ಮತ್ತೆ ಕರೆದರು. ಈ ಸಲ ಟೀಚರ್ ಕೆಲಸಕ್ಕೆ ಬಂದವಳು ಕೆನ್ಯಾದ ಒಬ್ಬ ಹುಡುಗಿ. ಅದೇ ಮಾತು, ಅದೇ ಫೋನ್. "ಸರ್, ಬೇಡ ಅನ್ನುವ ಕಾರಣವನ್ನು ಇಮೇಲಿನಲ್ಲಿ ಬರೆದುಕೊಡಿ. ಅದನ್ನೇ ಓದಿ ಹೇಳುತ್ತೇನೆ" ಅಂದೆ. ಅವರು ಕೈಯಲ್ಲೇ ಬಾಗಿಲು ತೋರಿಸಿದರು. ಇವತ್ತು ಗುರುವಾರ, ಇನ್ನೂ ಬರೆದಿಲ್ಲ. ಮನೆಯಲ್ಲಿ ಗಂಡನಿಗೂ ಹೇಳಿಲ್ಲ. ಆಫೀಸಿನ ಬಾಗಿಲು ತೆರೆದಾಗಲೆಲ್ಲ ತಲೆ ಎತ್ತಿ ನೋಡುತ್ತೇನೆ. ನನ್ನನ್ನು ಏನು ಮಾಡುತ್ತಾರೋ... ಆದರೆ ಆ ಫೋನ್ ಮಾತ್ರ ನಾನು ಮಾಡಿಲ್ಲ, ಐರಿನಕ್ಕ.

ನಿಮ್ಮ
ಶೋಭಾ