ಕೌದಿ ಹೊದ್ದ ಬಕೆಟ್

ಡಿಸೆಂಬರ್ 14, ಭಾನುವಾರ

ಬೆಳಿಗ್ಗೆ ಮತ್ತೆ ನೋಡಿ ಬಂದೆ. ಬುಳುಕ್... ಬುಳುಕ್... ಬಕೆಟ್ಟಿನ ಮುಚ್ಚಳಕ್ಕೆ ಸಿಕ್ಕಿಸಿದ ಸಣ್ಣ ನಳಿಗೆಯಿಂದ ಗಾಳಿ ಹೊರಗೆ ಬರುತ್ತಿದೆ. ಬರಬೇಕಂತೆ. ಬರದಿದ್ದರೆ ಬಿಯರ್ ಆಗುವುದಿಲ್ಲವಂತೆ. ಇವರಿಗೆ ಹಿಡಿದಿರುವ ಹೊಸ ಹುಚ್ಚು ಇದು. ಜೋಳ ಮೊಳಕೆ ಬರಿಸಿ, ಮಾಳಿಗೆಯ ಮೇಲೆ ಒಣಗಿಸಿ, ಒಡೆದು ಕುದಿಸಿ, ಯೀಸ್ಟ್ ಹಾಕಿ ಮೆಟ್ಟಿಲ ಕೆಳಗಿನ ಕೋಣೆಯಲ್ಲಿಟ್ಟು ಬೀಗ ಜಡಿದಿದ್ದಾರೆ. ಚಳಿಗೆ ಹುದುಗುವುದಿಲ್ಲ ಎಂದು ಅತ್ತೆ ಹಳೆಬಟ್ಟೆಯಲ್ಲಿ ಹೊಲಿದ ಕೌದಿ ಬೇರೆ ಹೊದಿಸಿದ್ದಾರೆ. ನನಗೆ ಜ್ವರ ಬಂದಾಗಲೂ ಇಷ್ಟು ಕಾಳಜಿ ಕಂಡಿರಲಿಲ್ಲ.

ಜೋಳ ಒಣಗಿಸುವಾಗ ಅತ್ತೆ ಕೇಳಿದ್ದಕ್ಕೆ "ಸುಜಾತಾಗ ಮಾಲ್ಟ್ ಬೇಕಂತ ಯವ್ವಾ" ಎಂದರು. ಸುಳ್ಳಿಗೆ ನನ್ನ ಹೆಸರು.

ಮಾವ ಕುಡಿದು ಕುಡಿದೇ ಹೋದವರು. ಅಂದಿನಿಂದ ಅತ್ತೆಯದು ಒಂದೇ ಮಾತು: "ಆ ವಾಸನಿ ಬಂದ ಮನ್ಯಾಗ ನಾ ನೀರ ಸೈತ ಮುಟ್ಟೂದಿಲ್ಲ." ಇವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಹೋದ ತಿಂಗಳ ಬಾಟಲಿಗಳು ಗೆಳೆಯರಿಗೆ ಎಂದಿದ್ದರು. ಯಾವ ಗೆಳೆಯನೂ ಬರಲಿಲ್ಲ. ಬಾಟಲಿಗಳು ಮಾತ್ರ ಖಾಲಿ.

ಡಿಸೆಂಬರ್ 15, ಸೋಮವಾರ

ಇವರು ಹೊರಟರು. ಮೆಡಿಕಲ್ ರೆಪ್‌ನ ವಾರದ ತಿರುಗಾಟ — ಬಸವನ ಬಾಗೇವಾಡಿ, ಮುದ್ದೇಬಿಹಾಳ, ಆಮೇಲೆ ಇಂಡಿ. ಎಳ್ಳು ಅಮಾವಾಸ್ಯೆಗೆ ನೇರವಾಗಿ ಯಂಕಂಚಿಯ ನಮ್ಮ ಹೊಲಕ್ಕೇ ಬರುತ್ತಾರಂತೆ. ಬೀಗದ ಕೈ ನನಗೆ. "ಬಕೆಟ್ ಕಡೆ ಲಕ್ಷ್ಯ ಇರ್ಲಿ" ಎಂದರು. ಅತ್ತೆಯ ಕಡೆ ಎನ್ನಲಿಲ್ಲ.

ಡಿಸೆಂಬರ್ 16, ಸಂಜೆ

ಪಾಠ ಮುಗಿಸಿ ಶಾಲೆಯಿಂದ ಬಂದು ನೋಡಿದರೆ ಬುಳುಕ್ ಇಲ್ಲ. ನಳಿಗೆಯಲ್ಲಿ ಜೋಳದ ತೌಡು ಸಿಕ್ಕಿಕೊಂಡಿದೆ. ಮುಚ್ಚಳ ಪೂರಿಯ ಹಾಗೆ ಉಬ್ಬಿದೆ. ಒಳಗಿನಿಂದ ಸುಯ್ ಸುಯ್... ಫೋನ್ ಮಾಡಿದೆ.

"ಬಾಯಿಮಟ ತುಂಬಿದ್ನೇನೋ," ಎಂದರು. "ಮಾರಿ ದೂರ ಇಟ್ಗೊಂಡು ಮುಚ್ಚಳ ಸಾವಕಾಶ ಸಡ್ಲ ಮಾಡು. ಆ ಸಣ್ಣ ನಳಿ ತಗದು ಕೂಲರಿನ ದಪ್ಪ ಪೈಪ್ ಹಚ್ಚು. ಆಕಡೆ ತುದಿ ನೀರಿನ ಬಾಟ್ಲ್ಯಾಗ ಮುಳಗಸು."

ಸಾವಕಾಶ ಎಲ್ಲಿಂದ ಬರಬೇಕು. ಮುಟ್ಟಿದ್ದೇ ತಡ, ಮುಚ್ಚಳ ಹಾರಿತು. ನೊರೆ — ಗೋಡೆಗೆ, ಸೀರೆಗೆ, ಕೌದಿಗೆ, ಹೊಸ್ತಿಲು ದಾಟಿ ಪಡಸಾಲೆಗೆ. ಆ ವಾಸನೆ... ಊದಿನಕಡ್ಡಿ ತರಲು ಓಡಿದೆ. ಬರುವುದರೊಳಗೆ ಅತ್ತೆ ಅಲ್ಲಿ ನಿಂತಿದ್ದರು.

"ಏನವ್ವಾ ಇದು?"

"ಅಂಬಲಿರಿ ಅತ್ತಿ. ಅಮಾಸಿಗಿ ಹುಳಿ ಇಟ್ಟಿದ್ದೆ."

ಬಾಯಿಗೆ ಬಂದದ್ದು ಅದೇ. ಹಬ್ಬಕ್ಕೆಂದು ಮನೆಮನೆಯಲ್ಲೂ ಜೋಳದ ಅಂಬಲಿ ಹುಳಿ ಬರಿಸುವ ದಿನಗಳು. ಅತ್ತೆ ನೊರೆ ನೋಡಿದರು. ನನ್ನನ್ನು ನೋಡಿದರು.

"ಉಕ್ಕಿದ್ದು ಚಲೋನ ಆತು ತಗೋ. ಹೊಲಕ್ಕ ಇದನ್ನ ಒಯ್ಯೂಣು."

ಕೌದಿ ಎತ್ತಿಕೊಂಡು ಹೋದರು. ತಾವೇ ಒಗೆಯುತ್ತಾರಂತೆ. ಪೈಪ್ ಹಚ್ಚಿದೆ. ಈಗ ನೀರಿನ ಬಾಟಲಿಯಲ್ಲಿ ಬುಳುಬುಳು.

ಡಿಸೆಂಬರ್ 18, ಗುರುವಾರ

ನಾಳೆ ಹೊಲದಲ್ಲಿ ಇದನ್ನು ಎಲ್ಲರಿಗೂ ಬಡಿಸುತ್ತಾರೆ. ನಾದಿನಿ ಸುವರ್ಣಾ ದೇವಣಗಾಂವದಿಂದ ಬರುತ್ತಾಳೆ. ಬಸುರಿ. ಅಂಬಲಿ ಎಂದ ಮೇಲೆ ಕೋಣೆಗೆ ಬೀಗ ಹಾಕಿರಲಿಲ್ಲ. ಚೆಲ್ಲಿಬಿಡೋಣ ಎಂದು ಹೋದರೆ ಬಕೆಟ್ ಆಗಲೇ ಅಡುಗೆಮನೆಯಲ್ಲಿದೆ, ಅತ್ತೆಯ ಕಣ್ಣೆದುರು.

ಇವರಿಗೆ ಫೋನಿನಲ್ಲಿ ಹೇಳಿದೆ. ಸುವರ್ಣಾಳ ಮಾತೇ ಎತ್ತಲಿಲ್ಲ. "ಚೆಲ್ಲಬ್ಯಾಡ ಸುಜಾತಾ, ನಿನ್ನ ಕೈ ಮುಗಿತೇನಿ. ಹೆಂಗಾರ ಮಾಡಿ ಬಾಟ್ಲಿ ತುಂಬಿಡು."

ಇಷ್ಟು ದಿನ ಅತ್ತೆಗೆ ಹೆದರಿದ್ದೆ. ಈಗ ಇವರ ಆ ದನಿಗೆ ಹೆದರಿಕೆಯಾಗುತ್ತಿದೆ.

ಡಿಸೆಂಬರ್ 19, ಎಳ್ಳು ಅಮಾವಾಸ್ಯೆ, ಸಂಜೆ



ಹೊಲದಲ್ಲಿ, ಇಂಡಿಯಿಂದ ಬಂದ ಇವರೂ ಸೇರಿ, ಎಲ್ಲರೂ ಕುಳಿತಿದ್ದರು. ನಡೆದು ದಣಿದ ಸುವರ್ಣಾ ಲೋಟ ಮುಂದೆ ಹಿಡಿದಳು. "ಯವ್ವಾ, ಒಂದೀಟು ಅಂಬಲಿ ಹಾಕು." "ಅತ್ತಿ, ಅದು..." ಎಂದೆ.

"ತಡಿ, ಮೊದ್ಲ ಚರಗ," ಎಂದು ಅತ್ತೆ ಬಕೆಟ್ ಎತ್ತಿಕೊಂಡು ನಡೆದರು. ಚರಗ ಎಂದರೆ ಹೊಲದ ಸುತ್ತ ಒಂದಿಷ್ಟು ಅನ್ನ, ಒಂದಿಷ್ಟು ಅಂಬಲಿ ಚೆಲ್ಲುವುದು. ಒಂದಿಷ್ಟೇ. ಅತ್ತೆ ಇಡೀ ಬಕೆಟ್ಟನ್ನು ಜೋಳದ ಸಾಲಿಗೆ ಬೋರಲು ಹಾಕಿದರು. "ಎಲ್ಲಾ ಭೂಮಿತಾಯಿಗೇ ಇರ್ಲಿ." ಆಮೇಲೆ ತಾವು ಮಾಡಿಟ್ಟಿದ್ದ ಅಂಬಲಿಯ ಗಡಿಗೆ ಬಿಚ್ಚಿ ಬಡಿಸಿದರು.

ಇವರು ಇಂಗುತ್ತಿದ್ದ ನೊರೆಯನ್ನೇ ನೋಡುತ್ತ ನಿಂತಿದ್ದರು. ಅತ್ತೆ ಇವರನ್ನು ನೋಡುತ್ತಿದ್ದರು.

ಏಳು ಗಂಟೆ

ಸಿಂದಗಿಯ ಮನೆಗೆ ಬಂದು ಒಂದು ತಾಸಾಯಿತು. ಇವರು ಮೆಟ್ಟಿಲ ಕೆಳಗೆ ಬಕೆಟ್ ತೊಳೆಯುತ್ತಿದ್ದಾರೆ. ಮತ್ತೆ ಜೋಳ ನೆನೆಹಾಕುತ್ತಾರಂತೆ. ಸುವರ್ಣಾ ಪಡಸಾಲೆಯಲ್ಲಿ ಗಾಡಿ ಕಾಯುತ್ತಿದ್ದಾಳೆ.

ಅತ್ತೆ ಕೋಣೆಗೆ ಬಂದು ಕೌದಿ ಮಡಚಿ ಹಾಸಿಗೆಯ ಮೇಲಿಟ್ಟರು. ಬಗಲಲ್ಲಿ ಬಟ್ಟೆಯ ಗಂಟು.

"ಇದು ನಿಮ್ಮ ಮಾವನ ಧೋತರದಾಗ ಹೊಲಿದ ಕೌದಿ. ಮೊದ್ಲೂ ಇದಕ್ಕ ಇದೇ ವಾಸನಿ ಇತ್ತು. ತೊಳದ ತೊಳದ ತಗದಿದ್ದೆ."

ಕೌದಿಯ ಅಂಚು ಮೂಗಿಗೆ ಹಿಡಿದೆ.

"ಖರೇ ಹೇಳು. ನೀ ಮಾಡಿದ್ದಾದ್ರ ಹುಡುಗಾಟಿ ಅಂತ ತಿಳ್ಕೊಂಡು ಇಲ್ಲೇ ಇರ್ತೇನಿ. ಅಂವಾ ಮಾಡಿದ್ದಾದ್ರ ಸುವರ್ಣಾನ ಕೂಡ ಹೊಂಟೆ. ಇನ್ನೊಮ್ಮೆ ಅದನ್ನ ನೋಡೂ ಶಕ್ತಿ ನನಗಿಲ್ಲ."

ಇಷ್ಟು ಹೇಳಿ ಹೊರಗೆ ಹೋಗಿ ಬಾಗಿಲಲ್ಲಿ ಕುಳಿತಿದ್ದಾರೆ. ಬರೆದರೆ ಉತ್ತರ ಹೊಳೆಯಬಹುದು ಎಂದು ಬರೆಯುತ್ತಿದ್ದೇನೆ. ನಾನು ಎಂದರೆ ಅತ್ತೆ ಉಳಿಯುತ್ತಾರೆ, ಬಕೆಟ್ಟೂ ಉಳಿಯುತ್ತದೆ. ಇವರು ಎಂದರೆ ಈ ಮನೆಯಲ್ಲಿ ನಾನು, ಇವರು, ಆ ಬಕೆಟ್...

ಗಾಡಿಯ ಹಾರ್ನ್. ಕೆಳಗೆ ಬಕೆಟ್ಟಿಗೆ ಜೋಳ ಸುರಿಯುವ ಸಪ್ಪಳ.

"ಸುಜಾತಾ," ಅತ್ತೆ ಕರೆದರು.

ಹೋಗುತ್ತೇನೆ. ಹೇಳಿಬಿಡುತ್ತೇನೆ. ಅದನ್ನು ಮಾಡಿದ್ದು —