ವೇಣಿಯ ಕಮಾನು

ಫೆಬ್ರವರಿ ೨೧, ಶನಿವಾರ

ತಮ್ಮನ ಮಗಳು ವೇಣಿಗೆ ಮುಖ ತೋರಿಸಲಾಗುತ್ತಿಲ್ಲ. ಸಾವಿರದ ಇನ್ನೂರು ವರ್ಷದ ಹಿಂದೆ ಯುರೋಪಿನವರು ಚರ್ಚು ಕಟ್ಟುತ್ತಿದ್ದ ಹಾಗೆಯೇ, ಕಲ್ಲು, ಸುಣ್ಣದ ಗಾರೆಯಲ್ಲಿ ಮೊಳದೆತ್ತರದ ಕಮಾನೊಂದನ್ನು ಕಾಲೇಜಿನ ಪ್ರಾಜೆಕ್ಟಿಗೆಂದು ತಾರಸಿಯಲ್ಲಿ ಕಟ್ಟಿದ್ದಳು. ಸುಣ್ಣದ ಗಾರೆ ನಿಧಾನಕ್ಕೆ ಗಟ್ಟಿಯಾಗುತ್ತೆ, ಕಮಾನನ್ನು ಕೆಳಗಿನಿಂದ ಹೊತ್ತ ಮರದ ಸೆಂಟ್ರಿಂಗನ್ನು ಒಂದು ತಿಂಗಳು ಮುಟ್ಟಬಾರದು ಎಂದಿದ್ದಳು.

"ಯುರೋಪಿನೋರ್ಗೆ ಬಾಡಿಗೆ ಆತುರ ಇರ್ಲಿಲ್ಲ ಬಿಡಮ್ಮಿ," ಎಂದು ನಕ್ಕಿದ್ದೆ.

ಪಟ್ಟಂದೂರಿನಲ್ಲಿ ಮೂರು ಬಿಲ್ಡಿಂಗು ಎಬ್ಬಿಸಿದವನಿಗೇ ಪಾಠವೇ? ಇವತ್ತು ಅವಳಿಲ್ಲದಾಗ, ಸಿಮೆಂಟಿನ ಲೆಕ್ಕದಲ್ಲಿ ಮೂರನೇ ದಿನಕ್ಕೇ ಸೆಂಟ್ರಿಂಗನ್ನು ಬಿಚ್ಚಿಬಿಟ್ಟೆ. ಕಮಾನು ದಡಾರನೆ ಕುಸಿಯಿತು. ಗಾಬರಿಯಲ್ಲಿ, ತಾನಾಗೇ ಬಿದ್ದಂತೆ ಕಾಣಲೆಂದು, ಸೆಂಟ್ರಿಂಗಿನ ಹಲಗೆಗಳನ್ನು ಕಲ್ಲಿನಡಿಗೆ ತುರುಕಿಟ್ಟೆ.

ಸಂಜೆ ಬಂದವಳು ನೋಡಿ ಕೂತುಬಿಟ್ಟಳು. "ನಾನು ಗಾರೆ ಕಲಸಿದ್ದೇ ಸರಿಯಿಲ್ಲ ಅನ್ಸುತ್ತೆ, ಅಲ್ವಾ ದೊಡ್ಡಪ್ಪ?"

"ಊಂ ಕಣಮ್ಮಿ, ನೀರು ಜಾಸ್ತಿ ಆಗೈತೆ," ಅಂದುಬಿಟ್ಟೆ.

ನಂಬಿದಳು. ಉಳಿದಿದ್ದ ಒಳ್ಳೆಯ ಗಾರೆಯನ್ನೆಲ್ಲ ಹಿತ್ತಲಿಗೆ ಸುರಿದಳು. ಬಕೆಟ್ ಎತ್ತಿಕೊಟ್ಟವನು ನಾನೇ.